ಜಾಡಿ ನಿಮ್ಮದು, ಬುರುಡೆ ನಮ್ಮದು

ಬುರುಡೆಯ ರಸವನ್ನು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದವಳಿಗೆ ಮೊದಲು ಕಲ್ಲಂಗಡಿಯ ಸಿಹಿ ಸಿಕ್ಕಿತು, ಹಿಂದೆಯೇ ನಿಂಬೆ, ಪುದೀನ. ಎಲ್ಲ ಮುಗಿದ ಮೇಲೆ ಗಂಟಲ ಹತ್ತಿರ ಸಣ್ಣಗೆ ಚುರ್ ಎಂದಿತು. ಇನ್ನೊಂದು ಹನಿ ನೆಕ್ಕಿದಳು. ಮತ್ತೆ ಚುರ್. ಅನುಮಾನವೇ ಇಲ್ಲ. ಅವಳ ಮೈಯೆಲ್ಲ ಉರಿದುಹೋಯಿತು.

ಬೆಳಗಿನಿಂದ ಭಾವನ ಅಡುಗೆಮನೆಯಲ್ಲಿ ಸೊಂಟ ಬೀಳುವಂತೆ ನಿಂತು ಹಣ್ಣು ರುಬ್ಬಿ, ಸೋಸಿ, ಕರ್ಬೂಜವನ್ನು ಗೋಲಿ ಗೋಲಿಯಾಗಿ ಕೊರೆದು ಹಾಕಿದ್ದಳು. ರಸವನ್ನು ಎರಡು ಪಾಲು ಮಾಡಿದ್ದಳು. ಒಂದು ಪಾಲು ಗಾಜಿನ ಜಾಡಿಗೆ. ಅದಕ್ಕೆ ವೋಡ್ಕಾ ಸುರಿದುಕೊಳ್ಳುವುದು ಭಾವನಿಗೆ ಬಿಟ್ಟದ್ದು. ಇನ್ನೊಂದು ಪಾಲು ತಿರುಳು ತೆಗೆದ ಕಲ್ಲಂಗಡಿ ಬುರುಡೆಗೆ. ಅದು ಅವಳ ಗಂಡನದು. ಅವನು ಕುಡಿತ ಬಿಟ್ಟ ಮೇಲೆ ಇದು ಮೊದಲ ಬೇಸಿಗೆ, ನಾಲ್ಕು ಜನ ಸೇರುವ ಕಡೆ ಬಂದದ್ದೂ ಇದೇ ಮೊದಲು. "ಜಾಡಿ ನಿಮ್ಮದು, ಬುರುಡೆ ನಮ್ಮದು" ಎಂದು ಮಕ್ಕಳಿಗೆ ಹೇಳುವ ಹಾಗೆ ಭಾವನಿಗೆ ಬಿಡಿಸಿ ಹೇಳಿದ್ದಳು. ದೊಡ್ಡ ಮನುಷ್ಯ ತಲೆ ಆಡಿಸಿದ್ದ. ಅವಳು ಪಕ್ಕದ ಕೋಣೆಯ ಫ್ರಿಜ್‌ನಿಂದ ಐಸ್ ತರುವಷ್ಟರಲ್ಲಿ ಕೆಲಸ ಮುಗಿಸಿದ್ದ.

"ಭಾವ, ಬುರುಡೆಗೆ ಏನು ಹಾಕಿದ್ರಿ?"

ಆತ ತಟ್ಟೆಯಲ್ಲಿ ಗ್ಲಾಸು ಜೋಡಿಸುತ್ತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಅದರ ಮೇಲೊಂದು ಹಲ್ಲುಗಿಂಜುವ ನಗು. "ಒಂಚೂರಮ್ಮ. ಕಲ್ಲಂಗಡಿ ಸಿಹಿಗೆ ಗೊತ್ತೇ ಆಗಲ್ಲ ಬಿಡು."

"ಗೊತ್ತಾಗಬಾರದು ಅಂತಾನೇ ಹಾಕಿದ್ರಾ?"

"ಅಯ್ಯೋ, ಮೆತ್ತಗೆ ಮಾತಾಡು. ಮಹಡಿ ಮೇಲೆ ಜನ ಇದ್ದಾರೆ." ಬಾಗಿಲು ಮುಂದಕ್ಕೆ ಮಾಡಿ ಬಂದ. "ನೋಡು, ಮೊದಲು ನನ್ನ ತಮ್ಮ ಇದ್ದ ಕಡೆ ನಗು ನಿಲ್ತಿರಲಿಲ್ಲ. ಹಾಡ್ತಿದ್ದ, ಎಲ್ಲರ ಕಾಲೆಳೀತಿದ್ದ. ಈಗ ನೋಡು, ಮೂಲೇಲಿ ಕೂತು ಉಗುರು ಕಚ್ಚುತ್ತಾನೆ. ಒಂದೇ ಒಂದು ಸಂಜೆ ನನ್ನ ತಮ್ಮ ನನಗೆ ವಾಪಸ್ ಸಿಗಲಿ ಅಂತ ಹಾಕಿದೆ. ತಪ್ಪಾ?"

"ತಪ್ಪಾ ಅಂತ ಬೇರೆ ಕೇಳ್ತೀರಾ! ನಗೋ ತಮ್ಮನ್ನ ನೋಡಿ ನೀವು ಹೊಟ್ಟೆ ತುಂಬ ನಕ್ಕು ಮನೆಗೆ ಕಳಿಸ್ತಿದ್ರಿ. ಮನೆಗೆ ಬಂದವನನ್ನ ನೋಡಿದ್ದು ನಾನು. ಬಾಗಿಲು ಒದ್ದವನು, ಬಚ್ಚಲಲ್ಲಿ ಬಿದ್ದುಕೊಂಡು ಅತ್ತವನು, ಅವನು ನಿಮಗೆ ಗೊತ್ತೇ ಇಲ್ಲ. ಅವನನ್ನೂ ವಾಪಸ್ ಕರೀತೀರಾ? ಕರೆದರೆ ನಿಮ್ಮ ಮನೇಲೇ ಇಟ್ಕೊಳ್ಳಿ!"

ಬುರುಡೆ ಎತ್ತಿಕೊಂಡು ಸಿಂಕಿನ ಕಡೆ ತಿರುಗಿದಳು. ಭಾವ ಆ ಕಡೆಯಿಂದ ಹಿಡಿದುಕೊಂಡ. "ಬೆಳಗಿಂದ ಮಾಡಿದ್ದನ್ನ ಚೆಲ್ತೀಯಾ? ಹುಚ್ಚಾ ನಿನಗೆ?" ಅವಳು ಎಳೆದಳು, ಆತ ಬಿಡಲಿಲ್ಲ. ಅಷ್ಟು ಹೊತ್ತಿಗೆ ಬಾಗಿಲು ತಳ್ಳಿಕೊಂಡು ಗಂಡ ಒಳಗೆ ಬಂದ.

"ಏನ್ರೀ ಇದು, ಇಬ್ಬರೂ ಸೇರಿ ಮುಗಿಸ್ತಾ ಇದ್ದೀರಾ? ಮೇಲೆ ಎಲ್ಲ ಬಾಯಾರಿ ಕೂತಿದ್ದಾರೆ." ತಟ್ಟೆಯಿಂದ ಗ್ಲಾಸು ತೆಗೆದುಕೊಂಡ. "ನಂದು ಇದೇ ತಾನೇ?" ಎನ್ನುತ್ತ ಸೌಟು ಅದ್ದಿದ.

ಅವಳು ಬುರುಡೆಯನ್ನು ಇದ್ದಬದ್ದ ಶಕ್ತಿಯಿಂದ ತಳ್ಳಿದಳು. ಅದು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಕೆಂಪು ರಸ ಗ್ಯಾಸ್ ಸಿಲಿಂಡರಿನ ತನಕ ಹರಿಯಿತು, ಕರ್ಬೂಜದ ಗೋಲಿಗಳು ದಿಕ್ಕಾಪಾಲಾದವು.

"ತಲೆಗಿಲೆ ಕೆಟ್ಟಿದೆಯಾ?" ಗಂಡ ಸಿಡುಕಿದ. "ಅಣ್ಣನ ಮನೆಗೆ ಬಂದು ಈ ರಂಪ ಬೇಕಿತ್ತಾ? ಒಂದು ದಿನಾನಾದರೂ ನನ್ನ ಮರ್ಯಾದೆ ಉಳಿಸಬಾರದಾ?"

"ಹೋಗಲಿ ಬಿಡೋ, ಬೈಬೇಡ ಪಾಪ," ಎಂದ ಭಾವ. "ಕೈ ಜಾರಿತು, ಅಷ್ಟೇ."

ಪಾಪವಂತೆ! ಕೈ ಜಾರಿತಂತೆ! ಸೌಟು ತೆಗೆದು ಆ ಬಾಯಿಗೇ ಹಾಕಬೇಕು ಎನ್ನಿಸಿತು ಅವಳಿಗೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಮೂಲೆಯಲ್ಲಿದ್ದ ನೆಲ ಒರೆಸುವ ಬಟ್ಟೆ ಎಳೆದುಕೊಂಡು ಮೊಣಕಾಲೂರಿ ಕುಳಿತಿದ್ದ. ಬಗ್ಗಿದ. ಒಂದು ಸಲ ಒರೆಸಿದ.

ಕೈ ಅಲ್ಲೇ ನಿಂತಿತು.

ಮಹಡಿಯ ಮೇಲಿನಿಂದ ಯಾರೋ "ಏನ್ರಪ್ಪಾ, ತರ್ತೀರೋ ಇಲ್ವೋ?" ಎಂದು ಕೂಗಿದರು. ಗಂಡ ಮುಖ ಎತ್ತಲಿಲ್ಲ. ಅವನ ಮೂಗಿನ ಹೊಳ್ಳೆ ಅರಳಿದ್ದನ್ನೂ, ಕತ್ತಿನ ಗುಂಟ ಒಂದು ಗುಟುಕು ಇಳಿದದ್ದನ್ನೂ ಅವಳು ನೋಡಿದಳು. ಅವನು ಹಿಂಡಿದ ಬಟ್ಟೆಯಿಂದ ರಸ ಬೆರಳ ಸಂದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಆ ಬೆರಳುಗಳನ್ನೇ ನೋಡುತ್ತ ಅವನು ಬಹಳ ಹೊತ್ತು ಕುಳಿತ.

ಆಮೇಲೆ ಎದ್ದ. ಹೆಂಡತಿಯ ಮುಖ ನೋಡಿದ, ಅಣ್ಣನ ಮುಖ ನೋಡಿದ. ಕೇಳುವುದು ಏನೂ ಉಳಿದಿರಲಿಲ್ಲ. ಒದ್ದೆ ಬಟ್ಟೆಯನ್ನು ಅಣ್ಣನ ಕೈಗೆ ತುರುಕಿದ. ಬಿಳಿ ಅಂಗಿಯ ತೋಳು ಕೆಂಪಾಯಿತು.

"ನೀನೇ ಒರೆಸಣ್ಣ. ಒಂದು ಹನೀನೂ ಬಿಡಬೇಡ. ನೆಲದ ಮೇಲೆ ಬಿದ್ದಿದ್ದರೂ ನನಗೆ ಬಾಯಲ್ಲಿ ನೀರೂರ್ತಿದೆ."