ಚರಗದ ಊಟ

ಚರಗದ ಬುಟ್ಟಿಗೆ ಶೇಖರಮ್ಮ ಕೈ ಹಚ್ಚಿದ್ದೇ ತಡ, ಮೈದುನ ಅಮರಗುಂಡಪ್ಪ ಅದನ್ನು ತನ್ನ ಕಡೆಗೆ ಎಳೆದುಕೊಂಡ.

"ನೀವು ಮುಟ್ಟಬ್ಯಾಡ್ರಿ ಅತ್ತಿಗೆಮ್ಮ. ಎಳ್ಳಮಾಸಿ ದಿನ ಭೂಮಿತಾಯಿಗೆ ಮುತ್ತೈದಿ ಚರಗ ಚೆಲ್ಲಬೇಕು. ಜಂಬಮ್ಮ ಚೆಲ್ಲತಾಳ."

"ಹೌದೇನಪ್ಪ? ಹಿಟ್ಟು ನಾದುವಾಗ, ಹೂರಣ ರುಬ್ಬುವಾಗ ಮುತ್ತೈದಿ ನೆನಪಾಗಲಿಲ್ಲೇನು ನಿನಗ?"

ಅವನು ಕೇಳಿಸದವನಂತೆ ಹೆಂಡತಿಯ ಸೊಂಟಕ್ಕೆ ಬುಟ್ಟಿ ಕೊಟ್ಟು, ತಾನು ನೀರಿನ ತಂಬಿಗೆ ಹಿಡಿದು ಜೋಳದ ಸಾಲಿನೊಳಗೆ ಇಳಿದ. ತೆನೆ ತಲೆದೂಗುತ್ತಿದ್ದ ಬಿಳಿಜೋಳದ ನಡುವೆ ಜಂಬಮ್ಮ ಕಡುಬಿನ ಚೂರು, ರೊಟ್ಟಿಯ ಚೂರು ಎರಚುತ್ತ ಹೋದಳು. "ಹುಲಿಗ್ಯೋ!" ಎಂದು ಇವನು ಚರಗದ ಕೂಗು ಹಾಕಿದರೆ "ಚಲ್ಲಂಬರಿಗ್ಯೋ!" ಎಂದು ಅವಳು ಓಗೊಟ್ಟಳು. ಹೋದ ವರ್ಷ ಇದೇ ಸಾಲಿನಲ್ಲಿ ಹೀಗೇ ಕೂಗುತ್ತ ಹೋದವರು ಶೇಖರಮ್ಮ ಮತ್ತು ಅವಳ ಗಂಡ ಆದೆಪ್ಪ. ಶ್ರಾವಣದಲ್ಲಿ ಆದೆಪ್ಪ ಮಣ್ಣಾದ. ಭೂಮಿತಾಯಿ ಉಣ್ಣುವ ಮೊದಲು ಯಾರೂ ಉಣ್ಣಬಾರದೆಂದು ಶೇಖರಮ್ಮ ಕೋಳಿ ಕೂಗುವ ಹೊತ್ತಿಗೇ ಎದ್ದು, ಉಪ್ಪನ್ನು ಸಹ ನಾಲಿಗೆಗೆ ತಾಗಿಸದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡುಬು ಎಲ್ಲವನ್ನೂ ಒಬ್ಬಳೇ ಮಾಡಿದ್ದಳು.

ಬನ್ನಿಗಿಡದ ನೆರಳಿನಲ್ಲಿ ಇಬ್ಬರು ಹಿರಿಯರು ಕೂತಿದ್ದರು. ಮಸ್ಕಿಯ ಮಠದಲ್ಲಿ ಪುರಾಣ ಓದುವ ಜಂಗಮ ಮರಿಸ್ವಾಮಿ. ಅವನಿಂದ ತುಸು ದೂರದಲ್ಲಿ ಪಕ್ಕದ ಹೊಲದ ಹಸನ್‌ಸಾಬ್. ಸತ್ತ ಆದೆಪ್ಪನ ಪಾಲು ಯಾರಿಗೆಂದು ನಾಳೆ ಚಾವಡಿಯಲ್ಲಿ ತೀರ್ಮಾನ ಹೇಳಬೇಕಾದವರು ಇವರೇ. ಇಬ್ಬರಿಗೂ ಮುತ್ತುಗದ ಎಲೆ ಹಾಸಿ ಶೇಖರಮ್ಮ ರೊಟ್ಟಿ, ಪಲ್ಲೆ ನೀಡುತ್ತಿದ್ದಂತೆ ಅಮರಗುಂಡಪ್ಪ ಬಂದು ತಾನೂ ಎಲೆಯ ಮುಂದೆ ಕೂತ.

"ಚರಗ ಚೆಲ್ಲಿದವ್ರದ ಹೊಲ. ಚೆಲ್ಲಿದ್ದು ನಾವು, ನೋಡಿದವ್ರು ನೀವು," ಎಂದ. "ನಾಳಿ ಚಾವಡ್ಯಾಗ ಇಷ್ಟು ಹೇಳಿದ್ರ ಸಾಕ್ರಿ ಅಯ್ಯಾರ. ಅತ್ತಿಗೆಮ್ಮಗ ಕೂಸಿಲ್ಲ ಕುನ್ನಿಲ್ಲ, ಹೊಲ ಕಟಗೊಂಡು ಏನು ಮಾಡ್ಯಾರು? ನಮ್ಮ ಮನ್ಯಾಗ ರೊಟ್ಟಿ ಬಡಕೊಂಡು ಇರತಾರ."

ಎಣ್ಣೆಗಾಯಿಯ ಸೌಟು ಶೇಖರಮ್ಮನ ಕೈಯಲ್ಲೇ ನಿಂತಿತು. ತನ್ನ ಹೊಲ ತನ್ನ ಕೈ ತಪ್ಪಲು ತಾನೇ ನಸುಕಿನಿಂದ ಹೊಗೆ ಕುಡಿದು ಅಡುಗೆ ಮಾಡಿದ್ದಳು!

"ಅಯ್ಯಾರ, ತುತ್ತು ಎತ್ತಬ್ಯಾಡ್ರಿ. ಮೊದಲು ಹೇಳ್ರಿ, ಯಾರ ಹೊಲದಾಗ ಕುಂತೀರಿ?"

"ಹಬ್ಬದ ದಿನ ಯಾಕವ್ವ ಇದೆಲ್ಲ? ನಾಳಿ ಮಾತಾಡಿದ್ರಾತು," ಎಂದ ಮರಿಸ್ವಾಮಿ.

"ನಾಳಿ ಈ ಎಣ್ಣಿಗಾಯಿ ನಿಮ್ಮ ಹೊಟ್ಟ್ಯಾಗ ಇರತೈತ್ರಿ. ಅದು ಇವನ ಕಡಿನ ಮಾತಾಡತೈತಿ."

"ಅತ್ತಿಗೆಮ್ಮ! ಸುಮ್ಮನ ನೀಡ್ರಿ!" ಎಂದು ಅಮರಗುಂಡಪ್ಪ ಗದರಿದ.

"ಯಾರಿಗೆ ಗದರಸ್ತೀಯೋ? ರಜಾಕಾರರ ಗದ್ದಲದಾಗ ಹೆಂಡತಿನ ಕರಕೊಂಡು ಗದಗಿಗೆ ಓಡಿ ಹೋದಿ. ಆವಾಗ ಬೇಕಿರಲಿಲ್ಲ ನಿನಗ ಈ ಹೊಲ. ನಿಮ್ಮಣ್ಣ ಕೂರಿಗಿ ಹೂಡಿದ, ಹಿಂದಿಂದ ಬೀಜ ಬಿಟ್ಟಾಕಿ ನಾನು. ಆ ವರ್ಷ ಚರಗ ಚೆಲ್ಲುವಾಗ ಕೂಗಾಕ ಸುದ್ದಾ ಅಂಜಿಕಿ. ಬಾಯಿ ಮುಚಗೊಂಡು ಚೆಲ್ಲೀವಿ!"

ಹಸನ್‌ಸಾಬ್ ಎಲೆಯಿಂದ ಕೈ ಹಿಂದೆಗೆದು ನೆಟ್ಟಗೆ ಕೂತ. "ಆ ವರ್ಷದ ಇವರ ಜೋಳ ರಜಾಕಾರರಿಗೆ ಸಿಗದಂಗ ನನ್ನ ಬಣವಿ ಒಳಗ ಮುಚ್ಚಿಟ್ಟಿದ್ದೆ. ಹೊತ್ತು ತಂದಾಕಿ ಈಕೀನ. ನಾ ಆದೆಪ್ಪನ ಹೆಂಡತಿ ಹೊಲದಾಗ ಕುಂತೀನಿ, ನಾಳಿನೂ ಹಿಂಗ ಹೇಳತೀನಿ. ನೀಡು ಬೇಟಿ."

ಅವನ ಎಲೆಗೆ ಶೇಖರಮ್ಮ ಎಣ್ಣೆಗಾಯಿ ಸುರಿದಳು. ಎಣ್ಣೆ ಎಲೆ ದಾಟಿ ನೆಲಕ್ಕೆ ಹರಿಯಿತು. ಆಮೇಲೆ ಮರಿಸ್ವಾಮಿಯ ಮುಂದೆ ಬಂದು ನಿಂತಳು. ಪುರಾಣದಲ್ಲಿ ಗಂಡನನ್ನು ಕಳೆದುಕೊಂಡವಳ ಗೋಳು ಬಂದರೆ ಈ ಅಯ್ಯ ಅದನ್ನು ಎರಡೆರಡು ಸಲ ರಾಗವಾಗಿ ಓದುತ್ತಿದ್ದ, ಕೇಳುತ್ತ ಕೂತ ಶೇಖರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಈಗ ಅವನ ಕಣ್ಣು ರೊಟ್ಟಿಯ ಮೇಲಿತ್ತು.

"ಶಾಸ್ತ್ರ ಅಂತ ಒಂದು ಇರತೈತಲ್ಲವ್ವ," ಎಂದ ಅವನು ಮೆಲ್ಲಗೆ. "ಮಕ್ಕಳಿಲ್ಲದಾಕಿಗೆ ಭೂಮಿ ಅಂದ್ರ..."

ಶೇಖರಮ್ಮ ಬಗ್ಗಿ, ರೊಟ್ಟಿ ಪಲ್ಲೆ ಸಮೇತ ಅವನ ಮುಂದಿನ ಎಲೆಯನ್ನು ಎತ್ತಿಕೊಂಡಳು. ಉಣ್ಣಲು ಕೂತ ಜಂಗಮನ ಎಲೆ ಎತ್ತಿದ ಹೆಂಗಸನ್ನು ಆ ಸೀಮೆ ಅಂದಿನವರೆಗೆ ಕಂಡಿರಲಿಲ್ಲ. ಎಲೆ ಹಿಡಿದುಕೊಂಡೇ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಶಿವ ಶಿವಾ!" ಅಮರಗುಂಡಪ್ಪ ಜಿಗಿದೆದ್ದ. "ಮನಿ ಹಾಳು ಮಾಡಿದಿ! ಏ ಜಂಬೀ, ನೋಡಕೋತ ನಿಂತೀಯೇನು? ಕಸಗೋ ಆ ಎಲಿ! ಅಯ್ಯಾರ ಮುಂದ ಇಡು, ಕಾಲಿಗೆ ಬೀಳು!"

ಜಂಬಮ್ಮ ಖಾಲಿ ಬುಟ್ಟಿಯನ್ನು ಕೆಳಗಿಟ್ಟು ಬಂದಳು. ನೆಗೆಣ್ಣಿ ಶೇಖರಮ್ಮನ ಮುಖವನ್ನೊಮ್ಮೆ ನೋಡಿ, ಎಲೆಗೆ ಕೈಯೊಡ್ಡಿದಳು. ಶೇಖರಮ್ಮ ಯಾಕೋ ಕೊಟ್ಟುಬಿಟ್ಟಳು. ಜಂಬಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಮರಿಸ್ವಾಮಿಯ ಮುಂದೆ ನಿಂತಳು. ಬಗ್ಗಲಿಲ್ಲ.

"ಅಯ್ಯಾರ, ಒಂದು ಮಾತು ಕೇಳತೀನ್ರಿ," ಎಂದಳು. "ನನಗೂ ಮಕ್ಕಳಿಲ್ಲ. ನಾಳಿ ಇವರು ಸತ್ತರ, ನಾ ಯಾರ ಮನ್ಯಾಗ ರೊಟ್ಟಿ ಬಡೀಬೇಕು?"