ಪುಕ್ಕಲನ ಗೂಡು

ಚಿಲಕ ಬಿದ್ದದ್ದು ಪುಕ್ಕಲನಿಗೆ ಗೊತ್ತೇ ಆಗಲಿಲ್ಲ. ಗೂಡಿನ ಹಿಂದಿನ ಮೂಲೆಯಲ್ಲಿದ್ದ ಬೇಯಿಸಿದ ಮೊಟ್ಟೆಯ ಚೂರನ್ನು ನೆಕ್ಕಿ ಮುಗಿಸಿ, ಹಳೆಯ ಹೊದಿಕೆಯ ಮೇಲೆ ತನ್ನ ಸುತ್ತ ತಾನೇ ಸುತ್ತಿ ಉಸ್ಸೆಂದು ಮಲಗಿದ. ತಂಗಿ ಚಿಲಕದ ಮೇಲಿನ ಕೈ ತೆಗೆಯದೆ ಕಾದಳು. ನಾಯಿ ಒಂದು ಕಣ್ಣು ತೆರೆದು ಅವಳನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಅವಳಿಗೆ ಸಂತೋಷಕ್ಕೆ ಅಳುವೇ ಬಂದುಬಿಟ್ಟಿತು.

ಯಾರೋ ಪುಣ್ಯಾತ್ಮರು ಮನೆ ಖಾಲಿ ಮಾಡುವಾಗ ಬಚ್ಚಲಲ್ಲಿ ಕೂಡಿಹಾಕಿ ಬಿಟ್ಟುಹೋಗಿದ್ದ ನಾಯಿ ಅದು. ಚಿಲಕದ ಸದ್ದು ಕೇಳಿದರೆ ನಿಂತಲ್ಲೇ ಒದ್ದೆ ಮಾಡಿಕೊಳ್ಳುತ್ತಿತ್ತು. ಅದನ್ನು ಅವಳು ಮನೆಗೆ ತಂದಾಗ, ಗೂಡಲ್ಲಿ ಇರುವುದಾದರೆ ಮಾತ್ರ ಇರಲಿ ಎಂದಿದ್ದಳು ಅತ್ತಿಗೆ. ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವಳ ಅಣ್ಣ, ಉಳಿದ ಸರಳುಗಳಲ್ಲೇ ಗೂಡು ಮಾಡಿ ತಂದ. ತಂದವನೇ ನಾಯಿಯ ಕತ್ತು ಹಿಡಿದು ಒಳಗೆ ದಬ್ಬಿ ಚಿಲಕ ಹಾಕಿದ. ಪುಕ್ಕಲ ಸರಳು ಕಚ್ಚಿ ಕಚ್ಚಿ ಬಾಯೆಲ್ಲ ರಕ್ತ ಮಾಡಿಕೊಂಡಿದ್ದ.

ಅವತ್ತು ಮೊದಲ ಸಲ ತಂಗಿ ಅಣ್ಣನಿಗೆ ಎದುರು ನಿಂತಳು. "ಹಾಗೆ ದಬ್ಬಬಾರ್ದು ಅಣ್ಣಾ. ಮೊದ್ಲು ಬಾಗಿಲ ಹತ್ರ ತಿನ್ನೋಕೆ ಇಡ್ಬೇಕು. ಆಮೇಲೆ ಒಂದು ಗೇಣು ಒಳಗೆ. ಆಮೇಲೆ ಇನ್ನೊಂದು ಗೇಣು. ಬಾಗಿಲು ತೆಗೆದೇ ಇರ್ಬೇಕು. ಯಾವಾಗ ಬೇಕಾದ್ರೂ ಹೊರಗೆ ಬರ್ಬಹುದು ಅಂತ ನಂಬಿಕೆ ಬಂದ್ಮೇಲೆ ತಾನಾಗೇ ಹೋಗ್ತಾನೆ. ಎಳೀಬಾರ್ದು, ಹೆದರ್ಕೊಳ್ತಾನೆ."

ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡು ಓಡಾಡುವ ಅಣ್ಣ ಅವತ್ತು ತುಟಿಪಿಟಿಕ್ಕೆನ್ನದೆ ಕೇಳಿಸಿಕೊಂಡ. ಅದಾದ ಮೇಲೆ ಅವಳ ಮೇಲೂ ದನಿ ಎತ್ತಲಿಲ್ಲ. ಅವಳು ಗಂಡನನ್ನು ಬಿಟ್ಟು ಬಂದಾಗಿನಿಂದ ಈ ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು, ಎದ್ದರೆ ಅದೇ ಮಾತು. ಕೆಲಸಕ್ಕೆ ಹೋಗುವಾಗ ಹೆಂಡತಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಜಡಿಯುತ್ತಿದ್ದ ಗಂಡ ಅವನು. ಒಮ್ಮೆಯಂತೂ ಅಣ್ಣ ಅವಳ ರಟ್ಟೆ ಹಿಡಿದು ಮೆಟ್ಟಿಲ ತನಕ ಎಳೆದುಕೊಂಡು ಹೋಗಿದ್ದ, ಅಲ್ಲಿಗೇ ವಾಪಸ್ಸು ಬಿಟ್ಟುಬರಲು. ಅಂಥವನು ಮೆತ್ತಗಾದದ್ದು ಕಂಡು, ನಾಯಿಯ ಸಹವಾಸದಿಂದಾದರೂ ಮನುಷ್ಯನಾದನಲ್ಲ ಎಂದು ಅವಳು ಹಿಗ್ಗಿದ್ದಳು.

ಈಗ ಅಣ್ಣ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಚಿಲಕ ಹಾಕಿದ್ರೂ ಮಲಗಿದ್ದಾನಲ್ಲೇ. ಭೇಷ್."

"ನೋಡ್ದ್ಯಾ? ನಾನು ಹೇಳಿರ್ಲಿಲ್ವಾ?"

ಅತ್ತಿಗೆ ಟೀ ತಂದುಕೊಟ್ಟಳು. ಅಣ್ಣ ಒಂದು ಗುಟುಕು ಹೀರಿ, ತಂಗಿಯ ಕಡೆ ನೋಡದೆ ಹೇಳಿದ. "ನಾಳೆ ನಿನ್ನ ಗಂಡನ ಮನೆಗೆ ಹೋದಾಗ, ರಾತ್ರಿ ಅಲ್ಲೇ ಉಳ್ಕೊಂಡು ನೋಡು."

"ರಾತ್ರಿನಾ?"

"ಒಂದೇ ರಾತ್ರಿ ಕಣೇ. ನಿನ್ನ ಬಟ್ಟೆಬರೆ ಇಲ್ಲೇ ಇರ್ಲಿ. ಯಾವಾಗ ಬೇಕಾದ್ರೂ ಎದ್ದು ಬಾ, ಬಾಗಿಲು ತೆಗೆದೇ ಇರುತ್ತೆ."

ತಂಗಿಯ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರವೇ ನಿಂತಿತು. ಮೊದಲು ಅಣ್ಣ ಅವಳನ್ನು ಕರೆದುಕೊಂಡು ಹೋದದ್ದು ಹೋಟೆಲಿಗೆ, ಬರೀ ಒಂದು ಕಾಫಿಗೆ. ಅಲ್ಲಿಗೆ ಗಂಡ ಅಕಸ್ಮಾತ್ತಾಗಿ ಬಂದವನಂತೆ ಬಂದಿದ್ದ. ವಾಪಸ್ಸು ಬರುವಾಗ ಅಣ್ಣ ಅವಳು ಆಸೆಪಟ್ಟಿದ್ದ ಚಪ್ಪಲಿ ಕೊಡಿಸಿದ. ಆಮೇಲೆ ಆ ಮನೆಯ ಗೇಟಿನ ತನಕ. ಆಮೇಲೆ ಒಳಗೆ ಊಟಕ್ಕೆ. ಅಣ್ಣ ತೆರೆದ ಬಾಗಿಲಿಗೇ ಕುರ್ಚಿ ಹಾಕಿ ಕೂತಿದ್ದ. ಹೋದ ವಾರ ಫೋನು ಬಂತೆಂದು ಹೊರಗೆ ಹೋದವನು ಎಷ್ಟೋ ಹೊತ್ತು ಒಳಗೆ ಬರಲಿಲ್ಲ. ಅವತ್ತು ಮನೆಗೆ ಬಂದರೆ ಅತ್ತಿಗೆ ಅವಳಿಗಿಷ್ಟವೆಂದು ಮೀನು ಹುರಿದಿಟ್ಟು, "ಏನೂ ಆಗ್ಲಿಲ್ವಲ್ಲ?" ಎಂದು ತಲೆ ಸವರಿದ್ದಳು. ಎಂದೂ ಇಲ್ಲದ ಅಕ್ಕರೆಗೆ ಅವಳು ಕರಗಿಹೋಗಿದ್ದಳು. ಪ್ರತಿ ಸಲವೂ ಒಂದೊಂದೇ ಗೇಣು ಒಳಗೆ.

"ಅಣ್ಣಾ," ಅವಳು ಲೋಟ ಕೆಳಗಿಟ್ಟಳು, "ಇದನ್ನೆಲ್ಲ ಯಾರ ಹತ್ರ ಕಲ್ತೆ?"

ಅಣ್ಣನಿಗೆ ನಾಚಿಕೆಯೇನೂ ಆಗಲಿಲ್ಲ. ಚೆನ್ನಾಗಿ ಬಂದ ಬೆಸುಗೆಯನ್ನು ಗಿರಾಕಿಗೆ ತೋರಿಸುವಾಗಿನ ಮುಖವೇ ಆಗಲೂ ಇತ್ತು. "ನಿನ್ನ ಹತ್ರಾನೇ. ಬೈದು ಬಡಿದು ಏನು ಬಂತು ಹೇಳು? ಎಲ್ಲಾ ನಿನ್ನ ಒಳ್ಳೇದಕ್ಕೇ."

ಅತ್ತಿಗೆ ಖಾಲಿ ಲೋಟದೊಳಗೆ ಏನೋ ಇದೆಯೆಂಬಂತೆ ನೋಡುತ್ತ ನಿಂತಳು.

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನ ಮೇಲಿನದಕ್ಕಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಚಿಲಕ ಸರಿಸಿ, ಗೂಡಿನ ಬಾಗಿಲನ್ನು ಗೋಡೆಗೆ ಬಡಿಯುವಷ್ಟು ತೆರೆದಳು. "ಪುಕ್ಕಾ, ಬಾ. ಎದ್ದು ಹೊರಗೆ ಬಾ."

ಪುಕ್ಕಲ ಬಾಲ ಅಲ್ಲಾಡಿಸಿದ, ಏಳಲಿಲ್ಲ.

"ಬಾರೋ," ಎನ್ನುತ್ತ ಅವಳು ಒಳಗೆ ಕೈ ಹಾಕಿ ಅವನ ಕತ್ತಿನ ಪಟ್ಟಿ ಹಿಡಿದು ಜಗ್ಗಿದಳು. ಅವನು ಹಿಂದಿನ ಸರಳುಗಳಿಗೆ ಒತ್ತಿಕೊಂಡು, ಕಾಲೂರಿ ನಡುಗತೊಡಗಿದ.

ಅಣ್ಣ ಅವಳ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟ.

"ಎಳೀಬಾರ್ದು ಕಣೇ," ಎಂದ. "ಹೆದರ್ಕೊಳ್ತಾನೆ."