ಮುಂದಿನ ಸೀಟಿನ ದನಿ

ರತ್ನಮ್ಮ ಕಾರು ಒರೆಸುತ್ತಿದ್ದಳು. ಬಟ್ಟೆ ಅದ್ದುವುದು, ಹಿಂಡುವುದು, ಒರೆಸುವುದು. ಗಂಡ ಕೋದಂಡಪ್ಪನ ಅಂಬಾಸಿಡರ್ ಬಂಗಾರಪೇಟೆ ಸ್ಟೇಷನ್ನಿನ ಎದುರು ಬಾಡಿಗೆಗೆ ನಿಲ್ಲುವ ಗಾಡಿ. ಮದುವೆಯಾದ ಎಂಟು ತಿಂಗಳಿಂದ ಅದನ್ನು ಒರೆಸಿಕೊಡುವುದು ಅವಳ ಕೆಲಸ. ಇವತ್ತು ಕೈ ಎಡಗಡೆಯ ಮುಂದಿನ ಬಾಗಿಲ ಹತ್ತಿರ ನಿಂತಿತು.

ಗಾಜಿನ ಒಳಮೈಯಲ್ಲಿ ಬೆರಳಿನ ಗುರುತು. ತೀರಾ ಕೆಳಗೆ, ಅಂಚಿನಲ್ಲಿ.

ಸೀಟಿನಲ್ಲಿ ಜಾರಿ, ತನ್ನ ಮನೆಯೇ ಎಂಬಂತೆ ಕೂತವಳ ಕೈ. ಹಾಗಂತ ಹೊಳೆದದ್ದೇ ತಡ, ರತ್ನಮ್ಮ ಬಾಗಿಲು ತೆರೆದು ಒಳಗೆ ಬಗ್ಗಿದಳು. ಮಾನವಂತ ಹೆಂಗಸು ಯಾರಾದರೂ ಡ್ರೈವರನ ಪಕ್ಕ ಕೂರುತ್ತಾಳೆಯೇ? ಸೀಟಿನಲ್ಲಿ ಪೌಡರ್ ವಾಸನೆ ಬೇರೆ.

ಗುರುವಾರ ಬಂದರೆ ಕೋದಂಡಪ್ಪ ಕೋಲಾರದ ಬಾಡಿಗೆ ಅನ್ನುತ್ತಿದ್ದ. ಆ ದಿನ ಅವನು ಎರಡು ಮೊಳ ಕನಕಾಂಬರ ಕೊಳ್ಳುತ್ತಾನೆಂದು ಪಕ್ಕದ ಮನೆಯ ಅಕ್ಕಯ್ಯಮ್ಮ ಕಣ್ಣಾರೆ ನೋಡಿದ್ದಳು. ಮನೆಗೆ ಬರುತ್ತಿದ್ದದ್ದು ಒಂದೇ ಮೊಳ.

ರತ್ನಮ್ಮ ಅವನಿಗೆ ಎರಡನೆಯವಳು. ಮೊದಲನೆಯವಳು ತೀರಿಕೊಂಡಿದ್ದಳು, ಅವಳ ಹುಡುಗಿ ಬೂದಿಕೋಟೆಯಲ್ಲಿ ಅಜ್ಜಿಯ ಪಾಲಾಗಿದ್ದಳು. ಹಳೆಯ ಸಂಸಾರದ್ದು ಯಾವುದೂ ಈ ಹೊಸಿಲು ದಾಟಬಾರದೆಂದು ರತ್ನಮ್ಮನೇ ತಾಳಿಗೆ ಮುಂಚೆ ತನ್ನಪ್ಪನ ಬಾಯಲ್ಲಿ ಹೇಳಿಸಿದ್ದಳು. ಕೋದಂಡಪ್ಪ ಹೂಂ ಅಂದಿದ್ದ. ಸತ್ತವಳನ್ನು ಗೆದ್ದೆ ಅಂದುಕೊಂಡಿದ್ದಳು. ಈಗ ನೋಡಿದರೆ ಬದುಕಿರುವವಳು ಯಾವಳೋ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಏನೇ ರತ್ನಾ, ಗಾಜು ಸವೆದೋಯ್ತದೆ ಬುಡೇ," ಎಂದಳು ಗೋಡೆಯಾಚೆಯಿಂದ ಅಕ್ಕಯ್ಯಮ್ಮ. "ಕಾರಿಗಿಂತ ಮುಂಚೆ ಗಂಡನ್ನ ಒಂದ್ಸಲ ತಿಕ್ಕಿ ತೊಳಿ."

ರತ್ನಮ್ಮ ಮತ್ತೆ ಬಗ್ಗಿದಳು. ಸೀಟಿನಡಿ ಬಟ್ಟೆ ಆಡಿಸಿದಳು. ಕೈಗೆ ಗಂಡನ ವಾಕ್‌ಮನ್, ಅಂಗೈಯಗಲದ ಟೇಪ್ ರೆಕಾರ್ಡರ್, ಸಿಕ್ಕಿತು. ಹೋದ ತಿಂಗಳು ರಾಬರ್ಟ್‌ಸನ್‌ಪೇಟೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆಡಿದ ಮಾತನ್ನೂ ಹಿಡಿದಿಡುತ್ತದೆ ಅಂದಿದ್ದ. ಅವಳ ಮಾತನ್ನು ಮಾತ್ರ ಒಂದು ದಿನವೂ ಹಿಡಿದಿರಲಿಲ್ಲ.

ಗಂಡ ಬಚ್ಚಲಲ್ಲಿದ್ದ. ಅವಳು ಅಡುಗೆಮನೆಗೆ ಹೋಗಿ ಹೆಡ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಗುಂಡಿ ಒತ್ತಿದಳು.

ಎಲ್ಲೋ ನಡುವಿನಿಂದ ಹೆಂಗಸಿನ ದನಿ. ದಪ್ಪ, ನಿಧಾನ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ದಿಂಬಿಗೆ ಒರಗಿ ಆಡುವಂಥ ದನಿ.

"ಓದ ವಾರ… ಬಿರಬಿರನೆ ಓಗ್ಬುಟ್ಟೆ… ನಾನು ಊ ಮುಡ್ಕೊಂಡು… ಬಾಗ್ಲಾಗೇ ಕುಂತಿದ್ದೆ… ಈ ಸಲ ರಾತ್ರಿ… ಇಲ್ಲೇ ಇದ್ದೋಗು… ಆವಮ್ಮನ್ಗೆ ಯೋಳ…"

ದನಿ ಇನ್ನೂ ಎಳೆಯಿತು. ನರಳಿತು. ನಿಂತಿತು. ಎಷ್ಟು ಒತ್ತಿದರೂ ಮತ್ತೆ ಹೊರಡಲಿಲ್ಲ.

ಆವಮ್ಮ! ತಾಳಿ ಕಟ್ಟಿಸಿಕೊಂಡವಳು ಆವಮ್ಮ.

ಅವಳು ಅಂಗಳಕ್ಕೆ ಬರುವಷ್ಟರಲ್ಲಿ ಪೆರುಮಾಳ್ ಬಂದಿದ್ದ. ಕೋಲಾರ ಚಿನ್ನದ ಗಣಿ ಕಡೆಯ ಎಲೆಕ್ಟ್ರಿಷಿಯನ್. ಮಾರಿಕುಪ್ಪಂ ರೈಲಿಳಿದು, ಹೆಗಲಲ್ಲಿ ವೈರಿನ ಸುತ್ತು ಹೊತ್ತು, ನೆಟ್ಟಗೆ ಕಾರಿನ ಮುಂದಿನ ಸೀಟಿಗೆ ತೂರಿದ್ದ.

"ಕೋದಂಡಣ್ಣ ಕೂಗಿದ್ರು, ತಂಗಚ್ಚಿ. ಸಿಗರೇಟ್ ಹಚ್ಚೋ ತೂತು ಸುಮ್ನೆ ಬಿದ್ದೈತಲ್ಲ, ಅದ್ರಿಂದ ಕರೆಂಟು ಕೊಡ್ತೀನಿ. ಟೇಪೂ ಓಡ್ತದೆ, ಅದ್ರೊಳಗಿನ ಸೆಲ್ಲೂ ಚಾರ್ಜ್ ಆಯ್ತದೆ. ಎಲ್ಲಿ, ಕೊಡು ಆ ಡಬ್ಬ."

ಅವಳು ಕೊಟ್ಟಳು. ಒಂದು ವೈರು ತೂತಿಗೆ ಹೋಯಿತು. ಇನ್ನೊಂದು ಸೀಟಿನ ಹಿಂದಿನ ಸ್ಪೀಕರಿಗೆ. ಪೆರುಮಾಳ್ ಕೀ ತಿರುಗಿಸಿದ. ವಾಕ್‌ಮನ್ನಿನ ಕೆಂಪು ದೀಪ ಹೊತ್ತಿಕೊಂಡಿತು.

ಕೋದಂಡಪ್ಪ ತಲೆ ಒರೆಸಿಕೊಳ್ಳುತ್ತಾ ಬಂದವನು ಅದನ್ನು ಕಂಡು ಬಾಗಿಲಲ್ಲೇ ನಿಂತ.

"ಸುರುವಿಂದ ಆಕು, ಪೆರುಮಾಳಣ್ಣ," ಎಂದಳು ರತ್ನಮ್ಮ. "ಗಟ್ಟಿಯಾಗಿ. ಅಕ್ಕಯ್ಯಕ್ಕನೂ ಕೇಳ್ಲಿ, ಬೀದಿಯೋರೂ ಕೇಳ್ಲಿ."

"ಬ್ಯಾಡ, ರತ್ನಾ."

"ಯಾಕಯ್ಯಾ, ನಾಚ್ಕೆಯಾ?"

"ನಿಂಗೆ ಮಾತು ಕೊಟ್ಟಿದ್ದೆ. ತಪ್ಪಿದೆ." ಅವನು ನೆಲ ನೋಡಿದ. "ಬುಡೋಕಾಗ್ಲಿಲ್ಲ ಅವಳ್ನ. ಇವತ್ತು ಯೋಳ್ಬೇಕು, ನಾಳೆ ಯೋಳ್ಬೇಕು ಅಂತಾನೇ…"

"ಬುಡ್ಬ್ಯಾಡ! ಮುಂದಿನ ಸೀಟಲ್ಲಿ ಕೂರ್ಸ್ಕೊಂಡು ಊರೆಲ್ಲಾ ಮೆರ್ಸು! ನಾನು ನಮ್ಮಪ್ಪನ ಮನೆಗೆ ಓಯ್ತೀನಿ."

ಅಕ್ಕಯ್ಯಮ್ಮ ಗೋಡೆ ಬಿಟ್ಟು ಅಂಗಳಕ್ಕೇ ಬಂದಳು. ಪೆರುಮಾಳ್ ಕಕ್ಕಾಬಿಕ್ಕಿಯಾಗಿ ಇಬ್ಬರ ಮುಖವನ್ನೂ ನೋಡಿದ. ಮಾತು ಬದಲಿಸಲಿಕ್ಕೆಂದು ಅವನಿಗೆ ಗೊತ್ತಿದ್ದದ್ದು ಒಂದೇ ವಿಷಯ.

"ಒಳಗೆ ಕೇಳಿದ್ಯಾ, ತಂಗಚ್ಚಿ? ಅದು ಲೆಕ್ಕಕ್ಕಿಲ್ಲ. ಸೆಲ್ಲು ಇಳಿದ್ರೆ ಟೇಪು ಎಳ್ಕೊಂಡು ಓಡ್ತದೆ, ಎಂಥ ಸಣ್ ದನೀನೂ ದಪ್ಪ ಆಗೋಯ್ತದೆ. ಈಗ ಕೇಳು."

ಟೇಪು ಹಿಂದಕ್ಕೆ ಸುತ್ತಿಕೊಂಡಿತು. ಅವನು ಗುಂಡಿ ಒತ್ತಿದ.

"ಅಪ್ಪಾ, ಸುರು ಮಾಡ್ಲಾ?"

ಅಕ್ಕಯ್ಯಮ್ಮನ ಕೈ ಬಾಯಿಗೆ ಹೋಯಿತು.

"ಓದ ವಾರ ಬಿರಬಿರನೆ ಓಗ್ಬುಟ್ಟೆ. ನಾನು ಊ ಮುಡ್ಕೊಂಡು ಬಾಗ್ಲಾಗೇ ಕುಂತಿದ್ದೆ. ಈ ಸಲ ರಾತ್ರಿ ಇಲ್ಲೇ ಇದ್ದೋಗು." ಅದೇ ಮಾತು. ಹಾಲುಹಲ್ಲು ಬಿದ್ದ ಸಂದಿಯಲ್ಲಿ ಗಾಳಿ ಸೋರುವ, ಆರು ವರ್ಷದ ದನಿ. "ಆವಮ್ಮನ್ಗೆ ಯೋಳಪ್ಪಾ, ನಾನು ಅಳಾಕಿಲ್ಲ. ರವಷ್ಟೇ ಉಣ್ತೀನಿ. ಮೂಲೇಲಿ ಮಲಿಕ್ಕೊತೀನಿ."

ಕೋದಂಡಪ್ಪ ಹೆಂಡತಿಯ ಕಡೆ ನೋಡಿದ. ರತ್ನಮ್ಮ ಕಾರಿನ ಕಡೆ ನೋಡಿದಳು. ಪೆರುಮಾಳ್ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತಲಾರದೆ ಕೂತ.

"ನನ್ನೂ ನಿಮ್ಮನೇಗೆ ಕರ್ಕೊಂಡೋಗಪ್ಪಾ."